ಬಾಡಿಗೆಯಲ್ಲಿ ಏಜೆಂಟ್ ಕಡಿದುಕೊಂಡ ಹಣ: ಲೆಕ್ಕ ಕೇಳುವುದು ಮನೆ ಮಾಲೀಕರ ಹಕ್ಕು

ಗಡಿನಾಡಿನ ಅನೇಕ ಕುಟುಂಬಗಳಿಗೆ ಊರು ಒಂದು ರಾಜ್ಯದಲ್ಲಿ, ಬಾಡಿಗೆಗೆ ಕೊಟ್ಟ ಮನೆ ಇನ್ನೊಂದು ರಾಜ್ಯದಲ್ಲಿ. ಮಂಜೇಶ್ವರ, ಕಾಸರಗೋಡಿನವರು ಮಂಗಳೂರಿನಲ್ಲಿ ಫ್ಲ್ಯಾಟ್ ಕೊಂಡಿರುತ್ತಾರೆ. ಹೊಸೂರು, ಮಡಕಶಿರಾ ಕಡೆಯವರ ಮನೆ ಬೆಂಗಳೂರಿನಲ್ಲಿರುತ್ತದೆ. ಮಗ ಗಲ್ಫ್‌ನಲ್ಲಿ ದುಡಿದು ಕಟ್ಟಿಸಿದ ಮನೆ, ನಿವೃತ್ತಿಯ ಹಣದಲ್ಲಿ ಕೊಂಡ ಎರಡು ಕೋಣೆಯ ಫ್ಲ್ಯಾಟ್, ಇಂಥವುಗಳ ಬಾಡಿಗೆಯಿಂದಲೇ ಎಷ್ಟೋ ವಯಸ್ಸಾದವರ ಔಷಧಿ ಖರ್ಚು, ದಿನಸಿ ಖರ್ಚು ನಡೆಯುತ್ತದೆ.

ದೂರದಲ್ಲಿರುವ ಮಾಲೀಕರಿಗೆ ತಿಂಗಳಿಗೊಮ್ಮೆ ಹೋಗಿ ಮನೆ ನೋಡಿಕೊಂಡು ಬರಲು ಆಗುವುದಿಲ್ಲ. ಹಾಗಾಗಿ ಮನೆ ನೋಡಿಕೊಳ್ಳಲು ಏಜೆಂಟರನ್ನು ಇಟ್ಟುಕೊಳ್ಳುತ್ತಾರೆ. ಬಾಡಿಗೆದಾರರನ್ನು ಹುಡುಕುವುದು, ಬಾಡಿಗೆ ವಸೂಲಿ ಮಾಡುವುದು, ನಲ್ಲಿ ಸೋರಿದರೆ ಪ್ಲಂಬರ್ ಕರೆಸುವುದು ಎಲ್ಲವೂ ಅವರ ಕೆಲಸ. ಬಂದ ಬಾಡಿಗೆಯಲ್ಲಿ ತಮ್ಮ ಕಮಿಷನ್ ಮತ್ತು ಖರ್ಚು ಹಿಡಿದುಕೊಂಡು ಉಳಿದದ್ದನ್ನು ಮಾಲೀಕರ ಖಾತೆಗೆ ಹಾಕುತ್ತಾರೆ. ತಕರಾರು ಶುರುವಾಗುವುದು ಈ 'ಹಿಡಿದುಕೊಳ್ಳುವ' ಜಾಗದಲ್ಲೇ.

ಒಂದು ತಿಂಗಳ ಲೆಕ್ಕ ಹೀಗಿರುತ್ತದೆ

ಉದಾಹರಣೆಗೆ ಒಂದು ಮನೆಯ ಬಾಡಿಗೆ 12,000 ರೂಪಾಯಿ ಎಂದುಕೊಳ್ಳೋಣ. ಏಜೆಂಟರು ವಾಟ್ಸಾಪ್‌ನಲ್ಲಿ ಕಳುಹಿಸಿದ ಲೆಕ್ಕದಲ್ಲಿ ಕಮಿಷನ್ ಶೇ. 10ರಂತೆ 1,200, ಅದರ ಮೇಲೆ ಶೇ. 18 ಜಿಎಸ್‌ಟಿ 216, ಪ್ಲಂಬಿಂಗ್ 1,850, ಕ್ಲೀನಿಂಗ್ 900, ಇತರೆ 500 ಎಂದಿದೆ. ಒಟ್ಟು 4,666 ರೂಪಾಯಿ ಕಡಿತ. ಮಾಲೀಕರ ಕೈಗೆ ಬಂದದ್ದು 7,334.

ಇದರಲ್ಲಿ ಮೊದಲೇ ಮಾತಾಗಿದ್ದು ಕಮಿಷನ್ ಮತ್ತು ಅದರ ತೆರಿಗೆ, ಅಂದರೆ 1,416 ರೂಪಾಯಿ ಮಾತ್ರ. ಮಿಕ್ಕ 3,250ಕ್ಕೆ ಬಿಲ್ ಇಲ್ಲ, ಫೋಟೊ ಇಲ್ಲ, ಮೊದಲು ಕೇಳಿದ್ದೂ ಇಲ್ಲ. ಫೋನ್ ಮಾಡಿದರೆ "ಪೈಪ್ ಒಡೆದಿತ್ತು ಸಾರ್, ಅರ್ಜೆಂಟಾಗಿ ಮಾಡಿಸಿಬಿಟ್ಟೆ" ಎಂಬ ಉತ್ತರ ಬರುತ್ತದೆ. ನಿಜವೇ ಇರಬಹುದು. ಆದರೆ ನಿಜ ಎಂದು ತೋರಿಸಬೇಕಾದವರು ಯಾರು? ಸುಳ್ಳು ಎಂದು ಸಾಬೀತು ಮಾಡುವ ಹೊಣೆ ತಮ್ಮದು ಎಂದು ಅನೇಕ ಮಾಲೀಕರು ತಿಳಿದು ಸುಮ್ಮನಾಗುತ್ತಾರೆ. ಕಾನೂನು ಹೇಳುವುದು ಬೇರೆ.

ಈ ಕಡಿತಕ್ಕೆ ತೆರಿಗೆಯ ಪೆಟ್ಟೂ ಇದೆ. ಮನೆ ಬಾಡಿಗೆಯ ಆದಾಯ ಲೆಕ್ಕ ಹಾಕುವಾಗ ಮಾಲೀಕರು ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇ. 30ನ್ನು ಸಾರಾಸಗಟಾಗಿ ಬಿಡುತ್ತಾರೆ. ದುರಸ್ತಿಗೆ ಎಷ್ಟೇ ಖರ್ಚಾದರೂ ಅದನ್ನು ಬೇರೆಯಾಗಿ ಕಳೆಯುವಂತಿಲ್ಲ. ಅಂದರೆ ಕೈಗೆ ಬಂದದ್ದು 7,334 ಆದರೂ ತೆರಿಗೆ ಲೆಕ್ಕಕ್ಕೆ ಬಾಡಿಗೆ 12,000ವೇ. ಇಲ್ಲದ ಖರ್ಚು ತೋರಿಸಿದರೆ ನಷ್ಟ ಪೂರ್ತಿ ಮಾಲೀಕರದ್ದು.

1872ರ ಕಾಯ್ದೆ ಏನು ಹೇಳುತ್ತದೆ?

ಮಾಲೀಕರು ಮತ್ತು ಏಜೆಂಟರ ಸಂಬಂಧ ಭಾರತೀಯ ಕರಾರು ಕಾಯ್ದೆ, 1872ರ ಅಡಿಯಲ್ಲಿ ಬರುತ್ತದೆ. ಇದು ಕೇಂದ್ರದ ಕಾಯ್ದೆ. ಮನೆ ಕರ್ನಾಟಕದಲ್ಲಿರಲಿ, ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾದಲ್ಲಿರಲಿ, ನಿಯಮ ಒಂದೇ. ಬಾಡಿಗೆ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಆದರೆ ಏಜೆಂಟರು ಲೆಕ್ಕ ಕೊಡಬೇಕಾದ ಕರ್ತವ್ಯ ಬದಲಾಗುವುದಿಲ್ಲ. ಮಾಲೀಕರಿಗೆ ಮುಖ್ಯವಾದ ಕಲಮುಗಳು ಹೀಗಿವೆ:

ಕಲಂ 211: ಏಜೆಂಟರು ಮಾಲೀಕರ ಸೂಚನೆಯಂತೆ ಕೆಲಸ ಮಾಡಬೇಕು. ಸೂಚನೆ ಮೀರಿ ನಷ್ಟವಾದರೆ ಅವರೇ ತುಂಬಿಕೊಡಬೇಕು.

ಕಲಂ 213: ಮಾಲೀಕರು ಕೇಳಿದಾಗ ಸರಿಯಾದ ಲೆಕ್ಕ ಒಪ್ಪಿಸುವುದು ಏಜೆಂಟರ ಕರ್ತವ್ಯ.

ಕಲಂ 214: ಕಷ್ಟದ ಸಂದರ್ಭ ಬಂದರೆ ಮಾಲೀಕರನ್ನು ಸಂಪರ್ಕಿಸಿ ಅವರ ಸೂಚನೆ ಪಡೆಯಲು ತಕ್ಕ ಪ್ರಯತ್ನ ಮಾಡಬೇಕು.

ಕಲಂ 217 ಮತ್ತು 218: ವಸೂಲಾದ ಹಣದಲ್ಲಿ ತಮ್ಮ ಸಂಭಾವನೆಯನ್ನೂ, ಕೆಲಸಕ್ಕಾಗಿ ಸರಿಯಾಗಿ ಮಾಡಿದ ಖರ್ಚನ್ನೂ ಏಜೆಂಟರು ಹಿಡಿದುಕೊಳ್ಳಬಹುದು. ಉಳಿದದ್ದನ್ನೆಲ್ಲ ಮಾಲೀಕರಿಗೆ ಕೊಡಬೇಕು.

ಕಲಂ 220: ಯಾವ ಕೆಲಸದಲ್ಲಿ ಏಜೆಂಟರು ದುರ್ನಡತೆ ತೋರಿದರೋ ಆ ಭಾಗದ ಕೆಲಸಕ್ಕೆ ಸಂಭಾವನೆ ಕೇಳುವಂತಿಲ್ಲ.

ಇಲ್ಲಿ 'ಸರಿಯಾಗಿ ಮಾಡಿದ ಖರ್ಚು' ಎಂಬ ಮಾತು ಬಹಳ ಮುಖ್ಯ. ಖರ್ಚು ಎಂದು ಬರೆದ ಮಾತ್ರಕ್ಕೆ ಅದು ಸರಿಯಾದ ಖರ್ಚಾಗುವುದಿಲ್ಲ. ಹಣ ಕಡಿದುಕೊಂಡವರೇ ಅದಕ್ಕೆ ಆಧಾರ ಕೊಡಬೇಕು.

ಹಾಗೆಂದು ಎಲ್ಲ ಏಜೆಂಟರೂ ಮೋಸಗಾರರಲ್ಲ, ಎಲ್ಲ ಖರ್ಚೂ ಸುಳ್ಳಲ್ಲ. ರಾತ್ರಿ ಹನ್ನೊಂದಕ್ಕೆ ಟ್ಯಾಂಕ್ ಪೈಪ್ ಒಡೆದು ಕೆಳಗಿನ ಮನೆಗೆ ನೀರು ಇಳಿಯುತ್ತಿದ್ದರೆ ಮಾಲೀಕರ ಒಪ್ಪಿಗೆಗೆ ಕಾಯಲು ಆಗುವುದಿಲ್ಲ. ಅಂಥ ತುರ್ತಿನಲ್ಲಿ ಮಾಲೀಕರ ನಷ್ಟ ತಪ್ಪಿಸಲು ಏಜೆಂಟರು ಮುಂದಾಗಬಹುದು ಎಂದು ಕಲಂ 189 ಹೇಳುತ್ತದೆ. ನ್ಯಾಯವಾಗಿ ಮಾಡಿದ ಖರ್ಚನ್ನು ಮಾಲೀಕರು ಕೊಡಲೇಬೇಕು. ಕೇಳುವುದು ಆಧಾರವನ್ನು ಮಾತ್ರ.

ಸುಮ್ಮನಿದ್ದರೆ ಒಪ್ಪಿದಂತೆ?

ಏಜೆಂಟರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: "ಆರು ತಿಂಗಳಿಂದ ಇದೇ ಲೆಕ್ಕ ಕಳಿಸ್ತಿದ್ದೀನಿ, ನೀವು ಏನೂ ಹೇಳಲಿಲ್ಲ." ಇದರಲ್ಲಿ ಸ್ವಲ್ಪ ಹುರುಳಿದೆ. ಅಧಿಕಾರ ಮೀರಿ ಮಾಡಿದ ಕೆಲಸವನ್ನೂ ಮಾಲೀಕರು ಆಮೇಲೆ ಒಪ್ಪಿಕೊಳ್ಳಬಹುದು. ಆ ಒಪ್ಪಿಗೆ ಬಾಯಿಮಾತಿನಲ್ಲೇ ಇರಬೇಕೆಂದಿಲ್ಲ, ನಡವಳಿಕೆಯಿಂದಲೂ ಕಾಣಬಹುದು ಎಂದು ಕಲಂ 197 ಹೇಳುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಮೌನವಾಗಿರುವುದು ಒಳ್ಳೆಯದಲ್ಲ.

ಆದರೆ ಅದರ ಮುಂದಿನ ಕಲಂ 198 ಮಾಲೀಕರ ನೆರವಿಗೆ ಬರುತ್ತದೆ. ಮುಖ್ಯ ಸಂಗತಿಗಳೇ ಸರಿಯಾಗಿ ತಿಳಿಯದವರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಬಿಲ್ಲನ್ನೇ ತೋರಿಸದೆ 'ಇತರೆ 500' ಎಂದು ಬರೆದು ಕಳುಹಿಸಿದ್ದರೆ, ಯಾವ ಖರ್ಚನ್ನು ಒಪ್ಪಿದಂತಾಯಿತು ಎಂದು ಮಾಲೀಕರು ಕೇಳಬಹುದು.

ಪ್ರತಿ ಬಾಬನ್ನೂ ಪರೀಕ್ಷಿಸುವ ದಾರಿ

ದುರಸ್ತಿ: ಕೆಲಸ ಮಾಡಿದವರ ಹೆಸರು, ಫೋನ್ ನಂಬರ್, ದಿನಾಂಕ, ಕೂಲಿ ಎಷ್ಟು, ಸಾಮಾನು ಎಷ್ಟು ಎಂದು ಬೇರೆ ಬೇರೆಯಾಗಿ ಬರೆದ ಬಿಲ್ ಕೇಳಬೇಕು. ಸಾಮಾನಿಗೆ ಅಂಗಡಿ ಬಿಲ್ ಇರುತ್ತದೆ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೊ ಕೇಳುವುದು ತಪ್ಪಲ್ಲ. ಪ್ಲಂಬರ್ 1,300 ತೆಗೆದುಕೊಂಡು ಲೆಕ್ಕದಲ್ಲಿ 1,850 ಬರೆದಿದ್ದರೆ, ನಡುವಿನ 550 ರೂಪಾಯಿ ಯಾವ ಒಪ್ಪಂದದ ಪ್ರಕಾರ ಎಂದು ಕೇಳಬೇಕು. ದುರಸ್ತಿಯ ಮೇಲೆ ಬೇರೆ ಕಮಿಷನ್ ಕೊಡುವುದಾಗಿ ಮಾಲೀಕರು ಒಪ್ಪಿಲ್ಲದಿದ್ದರೆ ಅದು ಖರ್ಚಲ್ಲ.

ಯಾರ ಖರ್ಚು?: ಒಂದೇ ಕೆಲಸಕ್ಕೆ ಬಾಡಿಗೆದಾರರಿಂದಲೂ ಮಾಲೀಕರಿಂದಲೂ ಹಣ ತೆಗೆದುಕೊಳ್ಳುವ ಸಾಧ್ಯತೆ ಇರುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಯಾವ ದುರಸ್ತಿ ಯಾರದು ಎಂಬ ಪಟ್ಟಿಯಿದೆ. ಕಟ್ಟಡದ ದೊಡ್ಡ ದುರಸ್ತಿ, ಸುಣ್ಣಬಣ್ಣ, ಪೈಪ್ ಬದಲಾಯಿಸುವುದು, ವೈರಿಂಗ್ ಮಾಲೀಕರದ್ದು. ನಲ್ಲಿ ಮತ್ತು ವಾಷರ್, ಚರಂಡಿ ಶುಚಿ, ಸ್ವಿಚ್ಚು, ಸಾಕೆಟ್ಟು, ಬೀಗ, ಕಿಟಕಿ ಗಾಜು ಇವೆಲ್ಲ ಬಾಡಿಗೆದಾರರದ್ದು. ರಾಜ್ಯ ತನ್ನ ಕಾನೂನು ಮಾಡಿಕೊಳ್ಳುವ ತನಕ ಈ ಮಾದರಿ ಕಡ್ಡಾಯವಲ್ಲ. ಬಾಡಿಗೆ ಕರಾರಿನಲ್ಲಿ ಬೇರೆ ಬರೆದಿದ್ದರೆ ಅದನ್ನೂ ನೋಡಬೇಕು. ಆದರೂ ಏಜೆಂಟರೊಂದಿಗೆ ಮಾತಾಡಲು ಇದು ಒಳ್ಳೆಯ ಅಳತೆಗೋಲು.

ಜಿಎಸ್‌ಟಿ: ನೋಂದಣಿ ಇಲ್ಲದವರು ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ವಸೂಲಿ ಮಾಡುವಂತಿಲ್ಲ. ತೆರಿಗೆ ಬರೆದಿದ್ದರೆ ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಲೇಬೇಕು. ಅದರ ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕ 29, ಕೇರಳ 32, ತಮಿಳುನಾಡು 33, ಮಹಾರಾಷ್ಟ್ರ 27, ಗೋವಾ 30, ತೆಲಂಗಾಣ 36, ಆಂಧ್ರ 37. ಜಿಎಸ್‌ಟಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಅದಕ್ಕೆ ಲಾಗಿನ್ ಬೇಕಿಲ್ಲ.

ಕರೆಂಟ್ ಬಿಲ್ ಮತ್ತು 'ಖಾಲಿ ಮನೆ': ಎರಡು ತಿಂಗಳು ಮನೆ ಖಾಲಿ ಇತ್ತು, ಬಾಡಿಗೆ ಬಂದಿಲ್ಲ ಎಂದು ಏಜೆಂಟರು ಹೇಳಿದರೆ ಮೀಟರ್ ನೋಡಬೇಕು. ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ, ಕರ್ನಾಟಕದಲ್ಲಾದರೆ ಆರ್.ಆರ್. ನಂಬರ್ ಅಥವಾ ಖಾತೆ ಸಂಖ್ಯೆ, ಕೈಯಲ್ಲಿದ್ದರೆ ಊರಿನಲ್ಲೇ ಕುಳಿತು ಬಿಲ್ ತೆಗೆಯಬಹುದು. ಖಾಲಿ ಮನೆಯಲ್ಲಿ ಯೂನಿಟ್ ಓಡುವುದಿಲ್ಲ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಜನ ವಾಸವಿರುವ ಮನೆಗೂ ಸೊನ್ನೆ ಬಿಲ್ ಬರಬಹುದು. ಆದ್ದರಿಂದ ಹಣದ ಅಂಕಿ ನೋಡಿದರೆ ಸಾಲದು, ಯೂನಿಟ್ ಎಷ್ಟು ಎಂದು ನೋಡಬೇಕು.

ಅಪಾರ್ಟ್‌ಮೆಂಟ್ ನಿರ್ವಹಣೆ ಮತ್ತು ಆಸ್ತಿ ತೆರಿಗೆ: ನಿರ್ವಹಣೆಯ ಹಣಕ್ಕೆ ನಿವಾಸಿಗಳ ಸಂಘದ ರಸೀದಿ, ಆಸ್ತಿ ತೆರಿಗೆಗೆ ಪಾಲಿಕೆಯ ಅಥವಾ ಪಂಚಾಯಿತಿಯ ರಸೀದಿ ಇರುತ್ತದೆ. ಸಂಘದ ಕಾರ್ಯದರ್ಶಿಗೆ ಮಾಲೀಕರೇ ಫೋನ್ ಮಾಡಿ ತಮ್ಮ ಫ್ಲ್ಯಾಟಿನ ಲೆಕ್ಕ ಕೇಳಬಹುದು.

ಬಾಡಿಗೆ ಕರಾರು: ಬಾಡಿಗೆದಾರರೊಂದಿಗೆ ಮಾಡಿದ ಕರಾರಿನ ಪ್ರತಿ ಮಾಲೀಕರ ಕೈಯಲ್ಲಿ ಇರಲೇಬೇಕು. ನಿಜವಾದ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಅದು ಯಾರ ಹತ್ತಿರ ಇದೆ ಎಂಬುದು ಅದರಿಂದ ತಿಳಿಯುತ್ತದೆ. ಬಾಡಿಗೆದಾರರು 15,000 ಕೊಡುತ್ತಿದ್ದು ಮಾಲೀಕರಿಗೆ 12,000 ಎಂದು ಹೇಳಿದ್ದರೆ, ವ್ಯತ್ಯಾಸವೂ ಮಾಲೀಕರ ಪರವಾಗಿ ಪಡೆದ ಹಣವೇ. ಅದನ್ನು ಒಪ್ಪಿಸಬೇಕು.

ತಕರಾರು ಬರವಣಿಗೆಯಲ್ಲಿರಲಿ

ಫೋನಿನಲ್ಲಿ ಜಗಳವಾಡಿದರೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ. ಒಂದು ಪುಟದ ಪತ್ರ ಸಾಕು. ಅದನ್ನು ವಾಟ್ಸಾಪ್ ಅಥವಾ ಇ-ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿ ಅಂಚೆ ರಸೀದಿ ಇಟ್ಟುಕೊಳ್ಳಬೇಕು. ಪತ್ರ ಹೀಗಿರಬಹುದು:

"ಮಾನ್ಯರೇ, ಇಂಥ ತಿಂಗಳ ಲೆಕ್ಕದಲ್ಲಿ ಕಮಿಷನ್ 1,200 ರೂ. ನನಗೆ ಒಪ್ಪಿಗೆಯಿದೆ. ಜಿಎಸ್‌ಟಿ 216 ರೂ.ಗೆ ನಿಮ್ಮ ನೋಂದಣಿ ಸಂಖ್ಯೆಯಿರುವ ಬಿಲ್ ಕಳುಹಿಸಿ. ಪ್ಲಂಬಿಂಗ್ 1,850, ಕ್ಲೀನಿಂಗ್ 900, ಇತರೆ 500, ಒಟ್ಟು 3,250 ರೂ.ಗೆ ಆಧಾರ ಬಂದಿಲ್ಲ. ಈ ಬಾಬುಗಳನ್ನು ನಾನು ಒಪ್ಪಿಲ್ಲ. ಕರಾರು ಕಾಯ್ದೆಯ ಕಲಂ 213ರ ಪ್ರಕಾರ 15 ದಿನಗಳೊಳಗೆ ಬಿಲ್ ಸಹಿತ ಲೆಕ್ಕ ಕೊಡಿ, ಇಲ್ಲವೇ ಹಣ ನನ್ನ ಖಾತೆಗೆ ಹಾಕಿ. ಇನ್ನು ಮುಂದೆ 1,000 ರೂ. ಮೀರಿದ ಯಾವ ದುರಸ್ತಿಯನ್ನೂ ತುರ್ತು ಹೊರತು ನನ್ನ ಒಪ್ಪಿಗೆಯಿಲ್ಲದೆ ಮಾಡಿಸಬಾರದು."

ಒಪ್ಪಿದ್ದನ್ನು ಒಪ್ಪಿದ್ದೇನೆ ಎಂದು ಬರೆಯುವುದರಿಂದ ಮಾಲೀಕರ ಮಾತಿಗೆ ತೂಕ ಬರುತ್ತದೆ. 15 ದಿನ ಎಂಬುದು ಕಾನೂನಿನ ಗಡುವಲ್ಲ, ಮಾಲೀಕರು ಕೊಡುವ ಸಮಂಜಸವಾದ ಅವಧಿ. ಲೆಕ್ಕದ ತಕರಾರಿಗೆ ಬಾಡಿಗೆದಾರರನ್ನು ಎಳೆಯಬಾರದು. ಬಾಡಿಗೆ ಕೊಟ್ಟವರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ.

ದೂರು ಕೊಡಲು ಗಡಿ ದಾಟಬೇಕಿಲ್ಲ

ಗಡಿನಾಡಿನವರು ತಿಳಿದಿರಬೇಕಾದ ದೊಡ್ಡ ವಿಷಯ ಇದು. ಹಳೆಯ 1986ರ ಗ್ರಾಹಕ ಕಾಯ್ದೆಯಲ್ಲಿ ಎದುರುಗಾರರು ಇರುವ ಅಥವಾ ವ್ಯವಹಾರ ನಡೆದ ಜಾಗದಲ್ಲಿ ದೂರು ಕೊಡಬೇಕಿತ್ತು. ಮಂಗಳೂರಿನ ಏಜೆಂಟರ ಮೇಲೆ ಮಂಗಳೂರಿಗೇ ಅಲೆಯಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 34ರ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮಂಜೇಶ್ವರದವರು ಕಾಸರಗೋಡಿನಲ್ಲಿ, ತಾಳವಾಡಿಯವರು ಈರೋಡಿನಲ್ಲಿ, ಅಕ್ಕಲಕೋಟೆಯವರು ಸೋಲಾಪುರದಲ್ಲಿ ದೂರು ಸಲ್ಲಿಸಬಹುದು.

ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದು. ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ರಾಜಿಗೆ ಪ್ರಯತ್ನ ನಡೆಯುತ್ತದೆ. ಕನ್ನಡ, ಮಲಯಾಳಂ, ತಮಿಳು, ತೆಲುಗು, ಮರಾಠಿಯಲ್ಲೂ ಅಲ್ಲಿ ಮಾತನಾಡಬಹುದು.

ಒಂದು ಅಡ್ಡಿ ಬರಬಹುದು. ಮನೆ ಬಾಡಿಗೆಗೆ ಕೊಡುವುದು ವ್ಯಾಪಾರ, ಆದ್ದರಿಂದ ಮಾಲೀಕರು ಗ್ರಾಹಕರೇ ಅಲ್ಲ ಎಂದು ಏಜೆಂಟರು ವಾದಿಸಬಹುದು. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಈ ಕಾಯ್ದೆಗೆ ಬರುವುದಿಲ್ಲ ಎಂಬುದು ನಿಜ. ಒಂದೇ ಮನೆಯ ಬಾಡಿಗೆಯಲ್ಲಿ ಬದುಕುವವರ ಸ್ಥಿತಿ ಬೇರೆ, ಇಪ್ಪತ್ತು ಅಂಗಡಿ ಬಾಡಿಗೆಗೆ ಕೊಟ್ಟವರ ಸ್ಥಿತಿ ಬೇರೆ. ಪ್ರಕರಣದ ಸಂಗತಿ ನೋಡಿ ಆಯೋಗ ತೀರ್ಮಾನಿಸುತ್ತದೆ. ಬಾಡಿಗೆಯೇ ಜೀವನಾಧಾರವಾಗಿದ್ದರೆ ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಇನ್ನೊಂದು ದಾರಿ ಸಿವಿಲ್ ನ್ಯಾಯಾಲಯ. ಏಜೆಂಟರು ಪಡೆದು ಲೆಕ್ಕ ಕೊಡದ ಹಣಕ್ಕೆ 3 ವರ್ಷದೊಳಗೆ ದಾವೆ ಹೂಡಬಹುದು. ಲೆಕ್ಕ ಕೇಳಿ ನಿರಾಕರಿಸಿದ ದಿನದಿಂದ, ಕೇಳಿಯೇ ಇಲ್ಲದಿದ್ದರೆ ಏಜೆನ್ಸಿ ಮುಗಿದ ದಿನದಿಂದ ಈ ಅವಧಿ ಶುರುವಾಗುತ್ತದೆ. ಸಣ್ಣ ಮೊತ್ತಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವುದು ಸುಲಭ. ಅದರ ಸಹಾಯವಾಣಿ 15100.

ರೇರಾ ಪ್ರಾಧಿಕಾರಕ್ಕೆ ದೂರು ಕೊಡಬಹುದೇ ಎಂದು ಅನೇಕರು ಕೇಳುತ್ತಾರೆ. 2016ರ ಆ ಕಾಯ್ದೆಯಲ್ಲಿ ಏಜೆಂಟ್ ಎಂದರೆ ನಿವೇಶನ, ಫ್ಲ್ಯಾಟ್ ಮಾರಾಟ ಮಾಡಿಸುವವರು. ಬಾಡಿಗೆ ಏಜೆಂಟರ ಕಮಿಷನ್ ತಕರಾರಿಗೆ ಅದು ಜಾಗವಲ್ಲ. ಪೊಲೀಸ್ ಠಾಣೆಯೂ ಮೊದಲ ಮೆಟ್ಟಿಲಲ್ಲ. ಲೆಕ್ಕದ ವ್ಯತ್ಯಾಸ ಸಿವಿಲ್ ವಿಷಯ. ನಕಲಿ ಬಿಲ್ ಸೃಷ್ಟಿಸಿದ್ದು ಅಥವಾ ಬಾಡಿಗೆ ಹಣವನ್ನೇ ನುಂಗಿದ್ದು ಕಂಡುಬಂದರೆ ಮಾತು ಬೇರೆ.

ಏಜೆಂಟರನ್ನು ಬಿಡಿಸುವಾಗ

ನಂಬಿಕೆ ಹೋದ ಮೇಲೆ ಮುಂದುವರಿಸಬೇಕಿಲ್ಲ. ಆದರೆ ಕರಾರಿನಲ್ಲಿ ಎಷ್ಟು ದಿನದ ನೋಟಿಸ್ ಎಂದಿದೆಯೋ ಅಷ್ಟು ಕೊಡಬೇಕು. ಏನೂ ಬರೆದಿಲ್ಲದಿದ್ದರೂ ಸಮಂಜಸ ನೋಟಿಸ್ ಬೇಕು. ಇಂತಿಷ್ಟು ಕಾಲ ಎಂದು ಒಪ್ಪಿದ್ದು ತಕ್ಕ ಕಾರಣವಿಲ್ಲದೆ ನಡುವೆ ಬಿಡಿಸಿದರೆ ಮಾಲೀಕರೇ ಪರಿಹಾರ ಕೊಡಬೇಕಾಗಬಹುದು. ಲೆಕ್ಕ ಕೇಳಿ ಬರೆದ ಪತ್ರಗಳು ಇಲ್ಲಿ ಕಾರಣ ತೋರಿಸಲು ನೆರವಾಗುತ್ತವೆ.

ಬಾಡಿಗೆದಾರರಿಗೆ ಅದೇ ದಿನ ಲಿಖಿತವಾಗಿ ತಿಳಿಸುವುದನ್ನು ಮರೆಯಬಾರದು. ಏಜೆನ್ಸಿ ಮುಗಿದದ್ದು ಗೊತ್ತಿಲ್ಲದೆ ಅವರು ಏಜೆಂಟರಿಗೇ ಬಾಡಿಗೆ ಕೊಟ್ಟರೆ ಅದನ್ನು ಮತ್ತೆ ಕೇಳಲಾಗದು. ಮುಖತ್ಯಾರ ಪತ್ರ ಕೊಟ್ಟಿದ್ದರೆ ಅದನ್ನು ರದ್ದು ಮಾಡಿಸಬೇಕು. ಕೀಲಿಕೈ, ಬಾಡಿಗೆ ಕರಾರು, ಅಡ್ವಾನ್ಸ್ ಹಣ ಮೂರನ್ನೂ ಪಟ್ಟಿ ಮಾಡಿ ವಾಪಸು ಪಡೆಯಬೇಕು.

ಓದಲು ಬರುವ ಭಾಷೆಯಲ್ಲಿ ಸಹಿ

ಗಡಿಯ ಜನರಿಗೆ ಎರಡು ಮೂರು ಭಾಷೆ ಮಾತನಾಡಲು ಬರುತ್ತದೆ. ಆದರೆ ಮಾತನಾಡುವ ಎಲ್ಲ ಭಾಷೆಯನ್ನೂ ಓದಲು ಬರುವುದಿಲ್ಲ. ಸಂತೆಯಲ್ಲಿ ಸರಾಗವಾಗಿ ತಮಿಳು ಮಾತನಾಡುವವರಿಗೆ ತಮಿಳು ಕರಾರು ಓದಲಾಗದು. ಇಂಗ್ಲಿಷ್ ಕರಾರಿನ ಸಣ್ಣ ಅಕ್ಷರಗಳಲ್ಲಿ 'ಏಜೆಂಟರು ತಮಗೆ ಸರಿ ಕಂಡಂತೆ ಖರ್ಚು ಮಾಡಬಹುದು' ಎಂದು ಇದ್ದರೆ ಮೇಲೆ ಹೇಳಿದ ಹಕ್ಕುಗಳನ್ನು ಸಾಧಿಸುವುದು ಕಷ್ಟವಾಗುತ್ತದೆ. ಸಹಿ ಹಾಕುವ ಮುಂಚೆ ಕನ್ನಡದಲ್ಲಿ ಒಂದು ಪ್ರತಿ ಬರೆಸಿಕೊಳ್ಳಬೇಕು, ಅಥವಾ ನಂಬಿಕಸ್ಥರಿಂದ ಸಾಲು ಸಾಲಾಗಿ ಓದಿಸಬೇಕು.

ಕರಾರಿನಲ್ಲಿ ನಾಲ್ಕು ಮಾತು ಇರಲಿ. ಬಾಡಿಗೆ ನೇರವಾಗಿ ಮಾಲೀಕರ ಖಾತೆಗೆ ಬರಬೇಕು, ಕಮಿಷನ್ ಮಾಲೀಕರೇ ಕೊಡುತ್ತಾರೆ. ಇಂತಿಷ್ಟು ಮೊತ್ತ ಮೀರಿದ ಖರ್ಚಿಗೆ ಮೊದಲೇ ಒಪ್ಪಿಗೆ ಬೇಕು. ಪ್ರತಿ ತಿಂಗಳ 10ರೊಳಗೆ ಬಿಲ್ ಸಹಿತ ಲೆಕ್ಕ ಬರಬೇಕು. ಬಿಲ್ ಇಲ್ಲದ ಖರ್ಚನ್ನು ಕಡಿದುಕೊಳ್ಳುವಂತಿಲ್ಲ. ಪ್ರಾಮಾಣಿಕ ಏಜೆಂಟರಿಗೆ ಇದರಲ್ಲಿ ಯಾವ ಷರತ್ತೂ ಭಾರವಲ್ಲ. ಭಾರ ಎನ್ನುವವರ ಕೈಗೆ ಕೀಲಿಕೈ ಕೊಡುವ ಮುಂಚೆ ಇನ್ನೊಮ್ಮೆ ಯೋಚಿಸುವುದು ಲೇಸು.